ಹಿಮ್ಮಡಿಯಿಂದ ಹೆಬ್ಬೆರಳಿಗೆ

ಮಕ್ಕಳೇ, ಕಾಲು ತೊಳೆದುಕೊಂಡು ಬಂದು ಒಣ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. (ನೋಡಿದ ಮೇಲೆ ಒರೆಸಿಬಿಡಿ, ಮನೆಯಲ್ಲಿ ಅಜ್ಜ ಅಜ್ಜಿ ಜಾರಿಯಾರು.) ಹಿಂದೆ ಹಿಮ್ಮಡಿಯ ದುಂಡು ಗುರುತು, ಮುಂದೆ ಐದು ಬೆರಳು. ನಡುವೆ ಒಳಬದಿ ಖಾಲಿ, ಹೊರಬದಿಯಲ್ಲಿ ಮಾತ್ರ ಒಂದು ಪಟ್ಟಿ. ಆ ಖಾಲಿ ಜಾಗದ ಮೇಲೆ ನಿಮ್ಮ ಪಾದದ ಕಮಾನು ಇದೆ. ಕೆಲವರ ಪಟ್ಟಿ ತೀರಾ ಸಣ್ಣದು, ಕೆಲವರದು ಅಂಗಾಲಿನಷ್ಟೇ ಅಗಲ.

ಒಂದು ಪಾದದಲ್ಲಿ 26 ಮೂಳೆಗಳಿವೆ. ನಡೆಯುವಾಗ ಸಾಮಾನ್ಯವಾಗಿ ಹಿಮ್ಮಡಿಯ ಹೊರ ಅಂಚು ಮೊದಲು ನೆಲ ಮುಟ್ಟುತ್ತದೆ. ಮೈಭಾರ ಬೀಳುತ್ತಿದ್ದಂತೆ ಪಾದ ಸ್ವಲ್ಪ ಒಳಕ್ಕೆ ವಾಲುತ್ತದೆ, ಕಮಾನು ತುಸು ತಗ್ಗುತ್ತದೆ. ನೆಲದ ಪೆಟ್ಟನ್ನು ತಡೆದುಕೊಳ್ಳುವುದು ಹೀಗೆ. ಮರುಕ್ಷಣ ಹಿಮ್ಮಡಿ ಏಳುತ್ತದೆ, ಬೆರಳು ಬಾಗುತ್ತವೆ, ಪಾದ ಬಿಗಿಯಾಗಿ ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ಈಗ ಸಡಿಲ, ಈಗ ಬಿಗಿ! ಒಂದು ಸೆಕೆಂಡಿನೊಳಗೆ ನಡೆಯುವ ಈ ಬದಲಾವಣೆ ನನಗೆ ಇಂದಿಗೂ ಬೆರಗು. ನೀವೇ ನೋಡಬಹುದು: ನೆಟ್ಟಗೆ ನಿಂತುಕೊಳ್ಳಿ, ಗೆಳೆಯನೊಬ್ಬ ನಿಮ್ಮ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಲಿ. ಅಂಗಾಲಿನಡಿಯ ದಪ್ಪ ಪಟ್ಟಿ ಬಿಗಿದು ಕಮಾನು ಮೇಲೇಳುತ್ತದೆ.

ಓಡುವಾಗ ಮೈಭಾರದ ಎರಡು ಮೂರು ಪಟ್ಟು ಒತ್ತಡ ಒಂದೇ ಪಾದದ ಮೇಲೆ ಬೀಳುತ್ತದೆ. ಪಾದ ಹೆಚ್ಚು ಒಳಕ್ಕೆ ವಾಲಿದರೆ ಮೊಣಕಾಲಿನ ಕೆಳಗಿನ ಮೂಳೆಯೂ ಒಳಕ್ಕೆ ತಿರುಗುತ್ತದೆ. ವಾಲುವುದು ಕಡಿಮೆಯಾದರೆ ಪೆಟ್ಟು ಮೇಲಕ್ಕೆ ಹೆಚ್ಚು ಹೋಗುತ್ತದೆ. ಮಂಡಿನೋವಿಗೆ ಪಾದ ಹೆಚ್ಚು ಒಳಕ್ಕೆ ವಾಲುವುದೇ ಕಾರಣ ಎಂದು ಬಹುಕಾಲ ನಂಬಿದ್ದರು. ಆದರೆ ಡೆನ್ಮಾರ್ಕಿನಲ್ಲಿ ಹೊಸದಾಗಿ ಓಡಲು ಶುರುಮಾಡಿದ 900ಕ್ಕೂ ಹೆಚ್ಚು ಮಂದಿಗೆ ಒಂದೇ ಬಗೆಯ ಶೂ ಕೊಟ್ಟು ಒಂದು ವರ್ಷ ಗಮನಿಸಿದಾಗ, ಪಾದ ಒಳಕ್ಕೆ ವಾಲುವವರಿಗೆ ಹೆಚ್ಚು ಪೆಟ್ಟಾಗಿರಲಿಲ್ಲ. ಹಾಗಾಗಿ ವಾಲುವುದೇ ಕಾಯಿಲೆ ಅಲ್ಲ. ಒಮ್ಮೆಲೇ ಅಭ್ಯಾಸಕ್ಕಿಂತ ಹೆಚ್ಚು ಓಡಿದರೂ ನೋವು ಬರುತ್ತದೆ. ನೋವು ಹಾಗೇ ಉಳಿದರೆ, ಕುಂಟುವಂತಾದರೆ, ಬಾವು ಬಂದರೆ ಮಾತ್ರ ಮುಚ್ಚಿಡದೆ ದೊಡ್ಡವರಿಗೆ ಹೇಳಿ, ವೈದ್ಯರಿಗೆ ತೋರಿಸಿಕೊಳ್ಳಿ.

ಪುಟ್ಟ ಮಕ್ಕಳ ಪಾದ ಚಪ್ಪಟೆಯಾಗಿದ್ದರೆ ಹೆದರಬೇಕಿಲ್ಲ, ಕಮಾನು ನಿಧಾನವಾಗಿ ಮೂಡುತ್ತದೆ. ನಮ್ಮ ಕರಾವಳಿಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ರಾವ್ ಮತ್ತು ಜೋಸೆಫ್ 2300 ಮಕ್ಕಳ ಹೆಜ್ಜೆಗುರುತು ತೆಗೆದು, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಸಾವಿರ ಮಕ್ಕಳಿಗೆ 86ರಂತೆ ಚಪ್ಪಟೆ ಪಾದ, ಬರಿಗಾಲಿನ ಮಕ್ಕಳಲ್ಲಿ 28 ಮಾತ್ರ. ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಮುಳ್ಳು, ಗಾಜಿನ ಚೂರು ಇಲ್ಲದ ಅಂಗಳವಿದ್ದರೆ ನಿಮ್ಮ ಪುಟ್ಟ ತಮ್ಮ ತಂಗಿಯರು ಬರಿಗಾಲಲ್ಲೇ ಆಡಲಿ.