ಹಡಗು ಹತ್ತುವ ಮಿಡಿಸೌತೆ



ತುಮಕೂರು, ಹಾಸನ, ದಾವಣಗೆರೆ, ಹಾವೇರಿ ಕಡೆ ಗೂಟ ನೆಟ್ಟು, ದಾರ ಕಟ್ಟಿ ಹಬ್ಬಿಸಿದ ಸೌತೆಬಳ್ಳಿಯನ್ನು ನೀವು ನೋಡಿರಬಹುದು. ಅದು ಕೋಸಂಬರಿಯ ಸೌತೆಯಲ್ಲ. ಗರ್ಕಿನ್, ಅಂದರೆ ಮಿಡಿಸೌತೆ. ನಮ್ಮ ಸಂತೆಗಳಲ್ಲಿ ಇದನ್ನು ಕೇಳುವವರಿಲ್ಲ. ವಿನೆಗರಿನಲ್ಲೋ ಉಪ್ಪುನೀರಿನಲ್ಲೋ ನೆನೆದು, ಡ್ರಮ್ಮು, ಬಾಟಲಿ ಸೇರಿ, ಹಡಗಿನಲ್ಲಿ ಅಮೆರಿಕಕ್ಕೆ, ಯುರೋಪಿಗೆ ಹೋಗುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಬೆಳೆ ಇದು. 2020–21ರಲ್ಲಿ ಭಾರತ ಎರಡು ಲಕ್ಷ ಟನ್ನಿಗೂ ಹೆಚ್ಚು ಸೌತೆ, ಮಿಡಿಸೌತೆ ರಫ್ತು ಮಾಡಿತು. ಬೆಳೆಯುವವರು ಸುಮಾರು 90,000 ಸಣ್ಣ ರೈತರು. ಒಟ್ಟು ನೆಲ ಸುಮಾರು 65,000 ಎಕರೆ. ತಲಾ ಒಂದು ಎಕರೆಯೂ ಬರುವುದಿಲ್ಲ.

ಇಷ್ಟು ಚಿಕ್ಕ ಹೊಲಕ್ಕೆ ಇಷ್ಟು ದೂರದ ಮಾರುಕಟ್ಟೆ ದಕ್ಕಿದ್ದು ಹೇಗೆ? ರಫ್ತು ಮಾಡುವ ಕಂಪನಿ ಬಿತ್ತನೆಗೆ ಮೊದಲೇ ರೈತರೊಂದಿಗೆ ದರ ಗೊತ್ತುಮಾಡಿ ಒಪ್ಪಂದ ಮಾಡಿಕೊಳ್ಳುತ್ತದೆ. ಬೀಜ, ಗೊಬ್ಬರ, ಔಷಧಿಯನ್ನು ಸಾಲವಾಗಿ ಕೊಟ್ಟು, ಕಾಯಿಯ ಹಣದಲ್ಲಿ ಮುರಿದುಕೊಳ್ಳುತ್ತದೆ. ಬೆಳೆ ಮುಗಿಯುವುದು ಮೂರು ತಿಂಗಳಲ್ಲಿ. ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು; ಒಂದು ದಿನ ಕೊಯ್ಲು ತಪ್ಪಿದರೆ ದಪ್ಪವಾಗಿ ಕೆಳಗಿನ ಗ್ರೇಡಿಗೆ ಇಳಿಯುತ್ತದೆ. ದಿನದಿನವೂ ಎಲೆ ಸರಿಸಿ ಹುಡುಕಿ ಕೀಳುವ ಈ ಕೆಲಸಕ್ಕೆ ದೊಡ್ಡ ಹಿಡುವಳಿದಾರರಿಗೆ ಆಳು ಸಿಕ್ಕುವುದು ಕಷ್ಟ. ಮನೆಮಂದಿಯೇ ದುಡಿಯುವ ಸಣ್ಣ ಹೊಲ ಗೆಲ್ಲುವುದು ಇಲ್ಲಿಯೇ. ಕೀಳುವ ಕೈಗಳು ಬಹುಪಾಲು ಹೆಂಗಸರವು. ಒಪ್ಪಂದದ ಕಾಗದದಲ್ಲಿ ಅವರ ಹೆಸರೂ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಆದರೆ ಈ ಒಪ್ಪಂದದ ಬೆಳೆಯಲ್ಲಿ ಒಂದು ದೊಡ್ಡ ಅಪಾಯವಿದೆ. ಟೊಮೆಟೊ ದರ ಬಿದ್ದರೂ ಕೋಲಾರದ ಮಂಡಿಯಲ್ಲಿ ಹರಾಜು ಕೂಗುವವರು ಇರುತ್ತಾರೆ. ಮಿಡಿಸೌತೆಯನ್ನು ಕಂಪನಿ ಬೇಡವೆಂದರೆ ಅದು ದನದ ಮುಂದೆ ಹೋಗಬೇಕು, ಅಷ್ಟೆ. ಔಷಧಿಯ ಉಳಿಕೆ ಮಿತಿ ಮೀರಿದರೂ ಸರಕು ತಿರಸ್ಕಾರವಾಗುತ್ತದೆ. ಕೆನ್ಯಾದ ಬೀನ್ಸ್ ಬೆಳೆಗಾರರು ಈ ಪೆಟ್ಟು ತಿಂದಿದ್ದಾರೆ. 2013ರಲ್ಲಿ ಯುರೋಪ್ ಒಕ್ಕೂಟ ಅವರ ಬೀನ್ಸಿನ ಮೇಲೆ ಕೀಟನಾಶಕದ ತಪಾಸಣೆ ಬಿಗಿ ಮಾಡಿತು. ಹೊಡೆದ ಔಷಧಿಯ ಲೆಕ್ಕ ಬರೆಯುವ, ಉಳಿಕೆಯ ಪರೀಕ್ಷೆ ಮಾಡಿಸುವ ಖರ್ಚು ಒಬ್ಬೊಬ್ಬ ಸಣ್ಣ ರೈತನ ಕೈಗೆ ಎಟುಕುವಂಥದ್ದಲ್ಲ. ಹತ್ತಾರು ಮಂದಿ ಸೇರಿ ಒಂದು ಗುಂಪಾದರೆ ಆ ಖರ್ಚು ಹಂಚಿಹೋಗುತ್ತದೆ, ದರದ ಮಾತಿಗೂ ತೂಕ ಬರುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದದ್ದು ಇಂಥ ಅಗತ್ಯಕ್ಕೇ.

ಮಿಡಿಸೌತೆ ಹಾಕುವ ಆಲೋಚನೆಯಲ್ಲಿರುವ ರೈತ ಬಂಧುಗಳೇ, ಒಪ್ಪಂದವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಗ್ರೇಡು ಮಾಡುವುದು ನಿಮ್ಮ ಕಣ್ಣೆದುರೇ ಆಗಲಿ. ತಿರಸ್ಕಾರವಾದ ಕಾಯಿಯ ನಷ್ಟ ಯಾರದು ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.