ಬಲಗಡೆಯ ಖಾಲಿ ಸೀಟು
(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಟ್ರಸ್ಟಿನ ಆಯ್ಕೆ ಸಮಿತಿಯಲ್ಲೂ ಕೆಲವು ವರ್ಷಗಳಿಂದ ಇದ್ದೇನೆ. ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪೈಲಟ್ ತರಬೇತಿಗೆ ಸಹಾಯ ಕೇಳಿ ಅರ್ಜಿ ಹಾಕಿದ್ದಳು. ತಂದೆಯದು ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್, ಸ್ಕೂಟರ್ ಪಂಕ್ಚರ್ ಅಂಗಡಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡರಲ್ಲೂ ಒಳ್ಳೆಯ ಅಂಕ. ಆದರೂ ಸಮಿತಿಯಲ್ಲಿ ಮೊದಲು ವಿರೋಧಿಸಿದವಳು ನಾನು. "ಇವಳೊಬ್ಬಳಿಗೆ ಕೊಡುವ ಹಣದಲ್ಲಿ ಎಷ್ಟು ಮಕ್ಕಳ ಡಿಗ್ರಿ ಫೀಸು ಕಟ್ಟಬಹುದು? ಬಿ.ಎಸ್ಸಿ., ಬಿ.ಎಡ್. ಮಾಡಲಿ" ಅಂದಿದ್ದೆ. ನನ್ನ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಅವಳನ್ನು ಕರೆದು ಒಂದು ಮಾತೂ ಕೇಳದೆ ಲೆಕ್ಕ ಹಾಕಿದ್ದೆ. ಅದು ತಪ್ಪು.

ಕೊನೆಗೆ ಸಮಿತಿ ಒಂದು ದಾರಿ ಹುಡುಕಿತು. ಸಾಮಾನ್ಯ ವಿದ್ಯಾರ್ಥಿವೇತನದ ನಿಧಿಯನ್ನು ಮುಟ್ಟಲಿಲ್ಲ. ಕೆಲವು ದಾನಿಗಳು ಪ್ರತ್ಯೇಕವಾಗಿ ಬಡ್ಡಿಯಿಲ್ಲದ ಸಾಲ, ಅಂದರೆ ಕರ್ಜೆ ಹಸನಾ ಕೊಟ್ಟರು. ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ತೀರಿಸಬೇಕು. ಉಳಿದದ್ದಕ್ಕೆ ಬ್ಯಾಂಕ್ ಸಾಲ ಮತ್ತು ಅವಳ ಅಮ್ಮನ ಬಳೆಗಳು.

ನೆಂಟರಲ್ಲಿ ಕೆಲವರು "ಹೆಣ್ಣು ಮಗುವಿಗೆ ಇದೆಲ್ಲ ಯಾಕೆ" ಅಂದರು. ಅವರಿಗೆ ನಾನು ಹೇಳಿದ್ದು ಇಷ್ಟೇ: 1936ರಲ್ಲೇ ಲಾಹೋರಿನಲ್ಲಿ ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದು ವರ್ಷದ ಹೆಣ್ಣುಮಗಳು ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬಳೇ ಹಾರಿಸಿದ್ದಳು. ಅದೇ ದಶಕದಲ್ಲಿ ಉರ್ದು ಲೇಖಕಿ ಹಿಜಾಬ್ ಇಮ್ತಿಯಾಜ್ ಅಲಿ ಪೈಲಟ್ ಲೈಸೆನ್ಸ್ ಪಡೆದಿದ್ದರು. ಇದು ಹೊಸ ಆಸೆಯೇನಲ್ಲ.

ತರಬೇತಿಗೆ ಸೇರಿದ ಮೇಲೆ ನಿಜವಾದ ಪರೀಕ್ಷೆ ಬಂತು. ಚಿಕ್ಕ ತರಬೇತಿ ವಿಮಾನದಲ್ಲಿ ಎಡಗಡೆ ವಿದ್ಯಾರ್ಥಿ, ಬಲಗಡೆ ಬೋಧಕರು. ಇಬ್ಬರ ಮುಂದೆಯೂ ಕಂಟ್ರೋಲ್ ಇರುತ್ತದೆ. ವಿದ್ಯಾರ್ಥಿ ತಪ್ಪಿದರೆ ಬೋಧಕರು ಸರಿಪಡಿಸುತ್ತಾರೆ. ಹಗಲೆಲ್ಲ ಒಂದೇ ಪಾಠ. ರನ್‌ವೇಯಿಂದ ಏರುವುದು, ತಿರುಗಿ ಸುಮಾರು ಸಾವಿರ ಅಡಿ ಎತ್ತರದಲ್ಲಿ ರನ್‌ವೇಗೆ ಸಮಾನಾಂತರವಾಗಿ ಹಾರುವುದು, ಮತ್ತೆರಡು ಸಲ ತಿರುಗಿ ಇಳಿಯುವುದು. ನಮ್ಮ ಗಣಿತದ ಭಾಷೆಯಲ್ಲಿ ಒಂದು ಆಯತ. ಅದನ್ನು ಸರ್ಕ್ಯೂಟ್ ಎನ್ನುತ್ತಾರೆ. ಇದರಲ್ಲಿ ಕೈ ಪಳಗಿದೆ ಎಂದು ಬೋಧಕರಿಗೆ ಅನ್ನಿಸಿದ ದಿನ ಅವರು ಇಳಿದುಬಿಡುತ್ತಾರೆ. ಅದೇ ಮೊದಲ ಸೋಲೊ.

ಜೊತೆಯವರೆಲ್ಲ ಒಬ್ಬೊಬ್ಬರಾಗಿ ಸೋಲೊ ಮುಗಿಸಿದರು. ಇವಳದು ಆಗಲಿಲ್ಲ. ಏರುವುದು, ತಿರುಗುವುದು ಎಲ್ಲ ಸರಿ. ಇಳಿಯುವಾಗ ಮಾತ್ರ ವಿಮಾನ ಚೆಂಡಿನ ಹಾಗೆ ಪುಟಿಯುತ್ತಿತ್ತು. ನೆಲ ಹತ್ತಿರ ಬಂದಾಗ ವಿಮಾನದ ಮೂಗನ್ನು ನಿಧಾನವಾಗಿ ಎತ್ತಬೇಕು. ಇವಳು ಬೇಗ ಎತ್ತುತ್ತಿದ್ದಳು, ಇಲ್ಲವೇ ತಡವಾಗಿ. ಒಂದು ರಾತ್ರಿ ನನಗೆ ಫೋನ್ ಮಾಡಿದಳು.

"ಟೀಚರ್, ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ. ಎಲ್ಲರಿಗಿಂತ ಹೆಚ್ಚು ಗಂಟೆ ನನಗೇ ಹಿಡಿದಿದೆ. ಜನರ ದುಡ್ಡು ಹಾಳು ಮಾಡ್ತಿದೀನಿ. ವಾಪಸ್ ಬಂದುಬಿಡಲಾ?"

ನನಗೆ ಉತ್ತರ ಹೊಳೆಯಲಿಲ್ಲ. ವಿಮಾನದ ಬಗ್ಗೆ ನನಗೇನು ಗೊತ್ತು? ಮರುದಿನ ಅವಳ ತಂದೆಯ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ತಲೆ ಎತ್ತದೆ ಕೇಳಿದರು: "ಇಳಿಯುವಾಗ ಅವಳು ಎಲ್ಲಿ ನೋಡ್ತಾಳೆ ಟೀಚರ್? ಸೈಕಲ್ ಕಲಿಯುವಾಗಲೂ ಮುಂದಿನ ಗಾಲಿಯನ್ನೇ ನೋಡ್ತಿದ್ದಳು. ದೂರ ನೋಡು ಅಂತ ಎಷ್ಟು ಸಲ ಹೇಳಿದ್ದೆ."

ಅದನ್ನೇ ಫೋನಿನಲ್ಲಿ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು ನಕ್ಕುಬಿಟ್ಟಳು. "ನಮ್ಮ ಇನ್‌ಸ್ಟ್ರಕ್ಟರ್ ಕೂಡ ಅದನ್ನೇ ಹೇಳೋದು ಟೀಚರ್. ಕೊನೆ ಗಳಿಗೆಯಲ್ಲಿ ರನ್‌ವೇಯ ಆ ತುದಿ ನೋಡು ಅಂತಾರೆ. ಭಯಕ್ಕೆ ನಾನು ಕಾಲ ಬುಡವನ್ನೇ ನೋಡ್ತೀನಿ."

ಹತ್ತು ದಿನ ಕಳೆದಿರಬೇಕು. ಬೆಳಗಿನ ಹೊತ್ತು, ಗಾಳಿ ಶಾಂತವಾಗಿತ್ತಂತೆ. ಮೂರು ಸಲ ಚೆನ್ನಾಗಿ ಇಳಿಸಿದ್ದಾಳೆ. ಬೋಧಕರು ವಿಮಾನ ನಿಲ್ಲಿಸಲು ಹೇಳಿ, ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು, "ಒಂದು ಸರ್ಕ್ಯೂಟ್ ಮಾಡಿ ಬಾ" ಎಂದಷ್ಟೇ ಹೇಳಿ ಇಳಿದುಹೋದರಂತೆ. ಮೊದಲೇ ತಿಳಿಸಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಒಬ್ಬರ ತೂಕ ಕಡಿಮೆಯಾದರೆ ವಿಮಾನ ಬೇಗ ನೆಲ ಬಿಡುತ್ತದೆ, ಜೋರಾಗಿ ಏರುತ್ತದೆ. ಅವಳಿಗೆ ಆಶ್ಚರ್ಯವಾದದ್ದು ಅದಕ್ಕೆ. ಮೇಲೆ ಹೋದ ಮೇಲೆ ಒಂದೇ ಒಂದು ಸಲ ಬಲಗಡೆ ನೋಡಿದಳಂತೆ. ಸೀಟು ಖಾಲಿ. "ಆಗ ಗೊತ್ತಾಯ್ತು ಟೀಚರ್, ಇನ್ನು ನಾನೇ ಇಳಿಸಬೇಕು, ಬೇರೆ ಯಾರೂ ಇಲ್ಲ. ಭಯ ಪಡೋಕೆ ಟೈಮೇ ಇರಲಿಲ್ಲ." ರನ್‌ವೇಯ ಆ ತುದಿಯನ್ನು ನೋಡುತ್ತಾ ಇಳಿಸಿದಳು. ಒಂದು ಸಣ್ಣ ಪುಟಿತ, ಆಮೇಲೆ ನೆಲ. ಒಟ್ಟು ಏಳು ನಿಮಿಷವೂ ಆಗಿರಲಿಲ್ಲ. ಗೆಳತಿಯರು ಬಕೆಟ್ ನೀರು ಸುರಿದು ಸಂಭ್ರಮಿಸಿದರು. ಒದ್ದೆ ಬಟ್ಟೆಯಲ್ಲೇ ಮೊದಲು ಅಬ್ಬಾಗೆ, ಆಮೇಲೆ ನನಗೆ ಫೋನ್ ಮಾಡಿದಳು.

ಏಳು ನಿಮಿಷಕ್ಕೆ ಅವಳು ಪೈಲಟ್ ಆಗಿಬಿಟ್ಟಳು ಎಂದು ನಾನು ಹೇಳುತ್ತಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತು ಹಾರಿಸಿರಬೇಕು. ಆ ನೂರರ ಲೆಕ್ಕ ಅಂದು ಶುರುವಾಯಿತು, ಅಷ್ಟೇ. ಪರೀಕ್ಷೆಗಳು ಬಾಕಿ ಇವೆ. ಕೆಲಸ ಸಿಗುವುದು ಇನ್ನೂ ದೂರದ ಮಾತು. ಅದಕ್ಕೇ "ಲೈಸೆನ್ಸ್ ಕೈಗೆ ಬರೋ ತನಕ ನನ್ನ ಹೆಸರು ಹೇಳಬೇಡಿ ಟೀಚರ್" ಎಂದಿದ್ದಾಳೆ. ಹೇಳುವುದಿಲ್ಲ.

ದಾನಿಗಳಿಗೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯರಿಗೆ ಆಗಾ ಖಾನ್ ಅವರು 500 ಪೌಂಡ್ ಬಹುಮಾನ ಸಾರಿದ್ದರು. 1930ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟರು; ಹದಿನೇಳು ವರ್ಷದ ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಹೊರಟಿದ್ದರು. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಎದುರಾದರು. ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಬಿದ್ದಿದ್ದರು. ಜೆ.ಆರ್.ಡಿ. ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ ಕೊಟ್ಟರು. ಸ್ವಲ್ಪದರಲ್ಲೇ ಬಹುಮಾನ ಆಸ್ಪಿ ಅವರಿಗೆ ಹೋಯಿತು. ಅದೇ ಹುಡುಗ 1960ರಲ್ಲಿ ನಮ್ಮ ವಾಯುಪಡೆಯ ಮುಖ್ಯಸ್ಥರಾದರು. ಒಬ್ಬಂಟಿ ಹಾರಾಟದಲ್ಲೂ ಯಾರೋ ಕೊಟ್ಟ ಪ್ಲಗ್ ಇರುತ್ತದೆ. ನೀವು ಕೊಟ್ಟದ್ದು ಅಂಥದ್ದು.

ಪೋಷಕರಿಗೆ ಎರಡು ಮಾತು. ಮಕ್ಕಳಿಗೆ ಈ ಆಸೆ ಇದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಎಲ್ಲಿಗೂ ಫೀಸು ಕಟ್ಟುವ ಮೊದಲು ಡಿಜಿಸಿಎ ಮಾನ್ಯ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿ; ಬಣ್ಣ ಗುರುತಿಸುವ ದೋಷವಿದ್ದರೆ ಮೊದಲೇ ತಿಳಿಯಲಿ. ಶಾಲೆಗೆ ಡಿಜಿಸಿಎ ಮಾನ್ಯತೆ ಇದೆಯೇ, ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ ಎಂದು ಸ್ವತಃ ಹೋಗಿ ನೋಡಿ. ಪೈಲಟ್ ಆಗಲಿ, ನರ್ಸ್ ಆಗಲಿ, ಐಟಿಐ ಆಗಲಿ, ಅರ್ಜಿಯಲ್ಲಿ ಮಗುವಿನ ಆಸೆಯನ್ನು ಅದರ ಕೈಯಲ್ಲೇ ಬರೆಸಿ. ಈ ವರ್ಷದಿಂದ ಪ್ರತಿಯೊಬ್ಬರನ್ನೂ ಕರೆದು ಮಾತಾಡಿಸಿದ ಮೇಲೆಯೇ ನಾನು ಲೆಕ್ಕ ಹಾಕುತ್ತೇನೆ.

ನಾವು ಶಿಕ್ಷಕರು, ಪೋಷಕರು, ದಾನಿಗಳು ಬಲಗಡೆಯ ಸೀಟಿನಲ್ಲಿ ಕೂತವರು. ಬೇಗ ಇಳಿದರೆ ಮಗುವಿಗೆ ಅಪಾಯ. ಇಳಿಯದೇ ಇದ್ದರೆ ಮಗು ಎಂದೂ ಹಾರುವುದಿಲ್ಲ. ಸರಿಯಾದ ಹೊತ್ತು ತಿಳಿಯುವ ವಿವೇಕ ಅಲ್ಲಾಹನು ನಮಗೆಲ್ಲ ಕೊಡಲಿ.