ಇಳಿವಯಸ್ಸಿನ ಎದೆಯುರಿ
(ವಾರ್ಷಿಕೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿಸಿಬೇಳೆಭಾತ್ ಊಟ ಮುಗಿದ ತಕ್ಷಣ ಎದೆಯುರಿಯ ಬಗ್ಗೆ ಮಾತಾಡಲು ನನ್ನನ್ನು ನಿಲ್ಲಿಸಿದ್ದಾರೆ. ಸಂಘಟಕರ ಸಮಯಪ್ರಜ್ಞೆ ಮೆಚ್ಚತಕ್ಕದ್ದೇ!

ಹೊಟ್ಟೆಯುಬ್ಬರ, ಹುಳಿತೇಗು, ಎದೆನೋವು ಎಲ್ಲಕ್ಕೂ ನಮ್ಮವರು ಇಟ್ಟಿರುವ ಹೆಸರು ಒಂದೇ: 'ಗ್ಯಾಸ್ಟ್ರಿಕ್'. ಎದೆಯುರಿಯಲ್ಲಿ ನಡೆಯುವುದು ಇಷ್ಟು. ಅನ್ನನಾಳವು ಜಠರವನ್ನು ಸೇರುವಲ್ಲಿ ಒಂದು ಸ್ನಾಯುವಿನ ಕವಾಟವಿದೆ. ಅದು ಸಡಿಲವಾದರೆ ಆಮ್ಲ ಮೇಲಕ್ಕೆ ಬರುತ್ತದೆ. ವಯಸ್ಸಾದವರಲ್ಲಿ ಇದು ಒಂಟಿಯಾಗಿರುವುದು ಅಪರೂಪ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಮೂಳೆಸವೆತ ಜೊತೆಗಿರುತ್ತವೆ. ಒಂದರ ಮಾತ್ರೆ ಇನ್ನೊಂದನ್ನು ಕೆಣಕುತ್ತದೆ. ರಕ್ತದೊತ್ತಡದ ಆಮ್ಲೊಡಿಪಿನ್ ಆ ಕವಾಟವನ್ನು ಸಡಿಲಿಸಬಹುದು. ಮೂಳೆಯ ಅಲೆಂಡ್ರೊನೇಟ್ ಮಾತ್ರೆಯನ್ನು ತುಂಬ ನೀರಿಲ್ಲದೆ ನುಂಗಿ ಮಲಗಿದರೆ ಅನ್ನನಾಳ ಸುಡುತ್ತದೆ. ಆಂಟಾಸಿಡ್ ಜೊತೆಗೇ ಥೈರಾಯ್ಡ್ ಮಾತ್ರೆ ತೆಗೆದುಕೊಂಡರೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ಇದು ನನಗೆ ಮನದಟ್ಟಾದದ್ದು ನಮ್ಮ ಮನೆಯಲ್ಲೇ. ನನ್ನ ತಾಯಿ ಶುದ್ಧ ಸಸ್ಯಾಹಾರಿ. ಸಕ್ಕರೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಒಮೆಪ್ರಜೋಲ್, ಎರಡನ್ನೂ ವರ್ಷಗಟ್ಟಲೆ ತೆಗೆದುಕೊಂಡಿದ್ದರು. ಪಾದ ಜುಮ್ಮೆನ್ನತೊಡಗಿತು, ಆಮೇಲೆ ನಡೆಯುವಾಗ ತೂರಾಡತೊಡಗಿದರು. 'ಸಕ್ಕರೆಯಿಂದ ನರ ದುರ್ಬಲವಾಗಿದೆ' ಎಂದು ನಾನೇ ಹೇಳಿಬಿಟ್ಟೆ. ಕೊನೆಗೆ ಬಿ12 ಪರೀಕ್ಷಿಸಿದಾಗ ಅದು ತೀರ ಕಡಿಮೆಯಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ತೂರಾಟ ನಿಂತಿತು. ಪಾದದ ಜೋಮು ಪೂರ್ತಿ ಹೋಗಲಿಲ್ಲ. ಆ ತಡ ನನ್ನದು.

ಕಾರಣ ಸರಳ. ಆಹಾರದಲ್ಲಿರುವ ಬಿ12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ಒಮೆಪ್ರಜೋಲ್ ಅದನ್ನು ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಕರುಳು ಬಿ12 ಹೀರುವುದನ್ನು ಕಡಿಮೆ ಮಾಡುತ್ತದೆ. ಸಸ್ಯಾಹಾರಿಗಳಿಗೆ ಹಾಲು ಮೊಸರು ಬಿಟ್ಟರೆ ಬೇರೆ ಮೂಲವೇ ಕಡಿಮೆ. ಎರಡು ವರ್ಷ ಅಥವಾ ಹೆಚ್ಚು ಕಾಲ ಇಂಥ ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಂಡವರಲ್ಲಿ ಬಿ12 ಕೊರತೆ ಹೆಚ್ಚೆಂದು 2013ರಲ್ಲಿ ನಮ್ಮದೇ ರಾಜ್ಯದ ಉತ್ತರ ಭಾಗದ ಕೈಸರ್ ಪರ್ಮನೆಂಟೆ ದಾಖಲೆಗಳ ಅಧ್ಯಯನ ತೋರಿಸಿತು. ಅಮೆರಿಕದಲ್ಲಿ 2003ರಿಂದ ಒಮೆಪ್ರಜೋಲ್ ಚೀಟಿಯಿಲ್ಲದೆ ಸಿಗುತ್ತಿರುವುದರಿಂದ ಡಾಕ್ಟರಿಗೆ ಹೇಳುವುದೇ ಮರೆತುಹೋಗುತ್ತದೆ.

ಊರಿನಿಂದ ಬರುವ ತಂದೆತಾಯಿಯರ ಪೆಟ್ಟಿಗೆಯನ್ನೂ ನೋಡಿ. ಅಲ್ಲಿ ಬೆಳಗಿನ ಕಾಫಿಯಷ್ಟೇ ಸಲೀಸಾಗಿ ನುಂಗುವ 'ಗ್ಯಾಸ್' ಮಾತ್ರೆಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೋಂಪೆರಿಡೋನ್ ಬೆರೆತಿರುವುದುಂಟು. ಅಮೆರಿಕದಲ್ಲಿ ಡೋಂಪೆರಿಡೋನ್‌ಗೆ ಮಂಜೂರಾತಿಯಿಲ್ಲ. ವಯಸ್ಸಾದವರಲ್ಲಿ, ಕೆಲವು ಆಂಟಿಬಯಾಟಿಕ್‌ಗಳ ಜೊತೆಯಲ್ಲಿ, ಅದು ಹೃದಯದ ಲಯ ತಪ್ಪಿಸಬಹುದು. ಅಂಗಡಿಯದು, ಊರಿನದು, ಆಯುರ್ವೇದದ್ದು, ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಸುರಿಯಿರಿ. ಬಿ12 ಪರೀಕ್ಷೆ ನೀವೇ ಕೇಳಿ ಮಾಡಿಸಿಕೊಳ್ಳಿ.

ಆದರೆ ನನ್ನ ಮಾತು ಕೇಳಿ ಯಾರೂ ಇಂದು ರಾತ್ರಿಯೇ ಮಾತ್ರೆ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಉರಿ ಮರುಕಳಿಸುತ್ತದೆ. ಆಸ್ಪಿರಿನ್ ತೆಗೆದುಕೊಳ್ಳುವ ಹಲವರಿಗೆ ರಕ್ತಸ್ರಾವ ತಡೆಯಲು ಅದು ಬೇಕೇ ಬೇಕು. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಆರು ಅಂಗುಲದ ದಿಮ್ಮಿ ಕೊಡಿ, ಎಡಮಗ್ಗುಲಾಗಿ ಮಲಗಿ. ನುಂಗಲು ಕಷ್ಟ, ತೂಕ ಇಳಿತ, ಕಪ್ಪು ಮಲ, ಇವು ಕಂಡರೆ ತಡಮಾಡಬೇಡಿ.

ಕೊನೆಯದಾಗಿ, ಎದೆ ಒತ್ತಿದಂತಾಗಿ ಬೆವರು, ಏದುಸಿರು ಬಂದರೆ 'ಗ್ಯಾಸ್ಟ್ರಿಕ್' ಎಂದು ಮಜ್ಜಿಗೆ ಕುಡಿದು ಕೂರಬೇಡಿ. 911ಕ್ಕೆ ಫೋನ್ ಮಾಡಿ. ಹೃದ್ರೋಗ ನಮ್ಮ ಜನರಿಗೆ ಬೇಗನೆ ಬರುತ್ತದೆ. ಆಸ್ಪತ್ರೆಗೆ ಹೋಗಿ ಬರೀ ಎದೆಯುರಿ ಅನ್ನಿಸಿಕೊಂಡು ಬಂದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

ಸ್ಯಾನ್ ಡಿಯಾಗೋದ ಹಿರಿಯರು ಇವತ್ತು ಸೀಟು ಹಿಂದಕ್ಕೆ ಒರಗಿಸದೆ, ನೆಟ್ಟಗೆ ಕೂತು ಹೋಗಬೇಕೆಂದು ನನ್ನ ಪ್ರಾರ್ಥನೆ.